ಗುಂಯ್ ಎನ್ನದ ಗೂಡು

ಬೆಯಾಟಾ ಫ್ರಿಜ್ಜಿನ ತರಕಾರಿ ಡ್ರಾಯರ್ ಎಳೆದಳು. ಬೀಟ್‌ರೂಟ್ ಇತ್ತು, ಸೆಲರಿ ಗೆಡ್ಡೆ ಇತ್ತು, ಅವಳು ಸಾಕಿದ್ದ ಇರುವೆಗಳ ಗಾಜಿನ ನಳಿಗೆ ಮಾತ್ರ ಮತ್ತೆ ನಾಪತ್ತೆ. ಅವಳ ಪಿತ್ತ ನೆತ್ತಿಗೇರಿತು.

ನಳಿಗೆ ಸಿಕ್ಕಿದ್ದು ನಡುಮನೆಯ ಹೀಟರ್ ಮೇಲೆ, ಅತ್ತೆ ಲುಡ್ವಿಕಾಳ ಉಣ್ಣೆಯ ಕಾಲುಚೀಲದೊಳಗೆ. ಗಾಜಿನೊಳಗೆ ರಾಣಿಯೂ ಅವಳ ಹತ್ತು ಹನ್ನೆರಡು ಕರಿಯ ಹೆಣ್ಣುಮಕ್ಕಳೂ ಸಂತೆಗೆ ಹೊರಟವರ ಹಾಗೆ ಓಡಾಡುತ್ತಿದ್ದರು. ನಳಿಗೆಯ ಬಾಯಿಗೆ ತುರುಕಿದ್ದ ಹತ್ತಿಯ ಮೇಲೆ ಒಂದು ಹನಿ ಜೇನು ಬೇರೆ!

ಆ ರಾಣಿ ಜುಲೈಯಲ್ಲಿ ಇನ್ನೂ ಉದುರದ ರೆಕ್ಕೆ ಸಮೇತ ಬೆಯಾಟಾ ಓಡಿಸುವ ಟ್ರಾಲಿಬಸ್ಸಿನ ಗಾಜಿಗೆ ಬಂದು ಅಂಟಿಕೊಂಡಿದ್ದಳು. ಕೊನೆಯ ನಿಲ್ದಾಣದಲ್ಲಿ ಬೆಯಾಟಾ ಅವಳನ್ನು ಪೆಪ್ಪರ್‌ಮಿಂಟ್ ಡಬ್ಬಿಗೆ ಇಳಿಸಿ, ಮಗುವನ್ನು ತಂದಷ್ಟು ಜೋಪಾನವಾಗಿ ಮನೆಗೆ ತಂದಿದ್ದಳು. ಹೋದ ವರ್ಷದ ರಾಣಿ ಬಿಸಿಗೇ ಸತ್ತಿದ್ದಳು. ಲುಬ್ಲಿನ್ನಿನ ಆ ಹಳೆಯ ಕಟ್ಟಡದಲ್ಲಿ ಹೀಟರ್ ಹಚ್ಚುವುದು, ಆರಿಸುವುದು ಮನೆಯವರ ಕೈಯಲ್ಲಿಲ್ಲ. ಒಮ್ಮೆ ಹೀಟರ್ ಕೊಳವೆಗಳಿಗೆ ಬಿಸಿನೀರು ಬಿಟ್ಟರೆಂದರೆ ಮನೆಯೆಲ್ಲ ಬೇಕರಿ. ಈ ಜಾತಿಯ ಇರುವೆ ಮಾರ್ಚ್‌ವರೆಗೆ ತಣ್ಣಗೆ ಮಲಗಲೇಬೇಕು, ನಿದ್ದೆಗೆಟ್ಟರೆ ವಸಂತ ಕಾಣುವುದಿಲ್ಲ. ಅದಕ್ಕೇ ಈ ಸಲ ಊಟ ಕಡಿಮೆ ಮಾಡಿ, ಮೊದಲು ಕಿಟಕಿಯ ಕಟ್ಟೆ, ಆಮೇಲೆ ಬಾಲ್ಕನಿ, ಕೊನೆಗೆ ಫ್ರಿಜ್ಜು ಎಂದು ಹಂತಹಂತವಾಗಿ ಇಳಿಸಿಕೊಂಡು ಬಂದಿದ್ದಳು. ಅಷ್ಟೂ ಶ್ರಮ ಈಗ ಕಾಲುಚೀಲದ ಪಾಲು.

"ಅತ್ತೇ!"

"ಯಾಕೇ ಹಂಗೆ ಕಿರುಚ್ತೀಯ? ಕಿವಿ ಇನ್ನೂ ಚೆನ್ನಾಗೇ ಇದೆ ನಂಗೆ."

"ಮತ್ತೆ ತೆಗ್ದಿದೀರಲ್ಲ ಇದನ್ನ!"

"ತೆಗೀದೆ ಇನ್ನೇನು? ಕಿವಿಗಿಟ್ಟು ನೋಡ್ದೆ, ಸದ್ದಿಲ್ಲ. ಬೆರಳಲ್ಲಿ ತಟ್ಟಿದೆ, ಆಗ್ಲೂ ಇಲ್ಲ. ಪಾಪ, ಸೆಟೆದುಕೊಂಡು ಬಿದ್ದಿದ್ವು. ಸ್ವಲ್ಪ ಬಿಸಿ ತೋರಿಸಿ ಜೇನು ಕೊಟ್ಟೆ, ನೋಡು ಹೆಂಗೆ ಎದ್ದು ಕೂತ್ವು!"

"ಅವು ಜೇನುಹುಳ ಅಲ್ಲ ಅತ್ತೆ, ಇರುವೆ!"

"ರಾಣಿ ಇದೆ ಅಂತೀಯ, ದುಡಿಯೋ ಹೆಣ್ಣುಮಕ್ಕಳು ಇದಾರೆ ಅಂತೀಯ. ರೆಕ್ಕೆ ಒಂದಿಲ್ಲ, ಅಷ್ಟೇ ತಾನೆ?"

ಮದುವೆಯಾದಾಗಿನಿಂದ ಹಳ್ಳಿಯಲ್ಲಿ ಜೇನು ಸಾಕಿದವಳು ಲುಡ್ವಿಕಾ. ಜೇನು ಚಳಿಗಾಲದಲ್ಲಿ ಮಲಗುವುದಿಲ್ಲ. ರಾಣಿಯ ಸುತ್ತ ಮುದ್ದೆಗಟ್ಟಿ, ಕೂಡಿಟ್ಟಿದ್ದನ್ನು ತಿನ್ನುತ್ತಾ ಮೈ ಬಿಸಿ ಮಾಡಿಕೊಂಡಿರುತ್ತದೆ. ಹಿಮದಲ್ಲಿ ನಡೆದು ಹೋಗಿ, ಪೆಟ್ಟಿಗೆಗೆ ಎರಡು ಸಲ ತಟ್ಟಿ ಕಿವಿಗೊಟ್ಟರೆ ಗುಂಯ್ ಎನ್ನಬೇಕು. ಎನ್ನದ ಗೂಡು ಸತ್ತ ಗೂಡು. ಈ ಶರತ್ಕಾಲದಲ್ಲಿ ಅವಳ ಮಂಡಿ ಕೈಕೊಟ್ಟಿತು. ಗೂಡುಗಳನ್ನೆಲ್ಲ ಪಕ್ಕದ ಮನೆಯವನಿಗೆ ಒಪ್ಪಿಸಿ, ಮಗ ಜೆನೆಕ್ ಅವಳನ್ನು ಈ ಮೂರನೇ ಮಹಡಿಗೆ ಕರೆತಂದಿದ್ದ.

ಬೆಯಾಟಾ ಅದನ್ನೆಲ್ಲ ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಾಲ್ಕನಿಯಲ್ಲಿಟ್ಟಾಗ ಅತ್ತೆ ಒಳಗೆ ತಂದಿದ್ದಳು. ಡ್ರಾಯರಿಗೆ ಟೇಪು ಸುತ್ತಿದರೆ ಟೇಪನ್ನು ನೀಟಾಗಿ ಬಿಡಿಸಿ ಸುರುಳಿ ಮಾಡಿಟ್ಟಿದ್ದಳು.

"ನೀನಾದ್ರೂ ನಿಮ್ಮಮ್ಮಂಗೆ ಹೇಳು," ಎಂದು ಗಂಡನ ಕಡೆ ತಿರುಗಿದಳು.

"ನನ್ನ ಇದಕ್ಕೆಲ್ಲ ಎಳೀಬೇಡ ಮಾರಾಯ್ತಿ," ಎಂದ ಜೆನೆಕ್, ಟೀವಿಯಿಂದ ಕಣ್ಣು ಕೀಳದೆ. "ಆ ಫ್ರಿಜ್ಜಲ್ಲಿ ನಂಗೆ ಬೇಕಿರೋದು ಉಪ್ಪುಮೀನು ಒಂದೇ."

ಅವನ ಮೇಲಿನ ಸಿಟ್ಟೂ ಅತ್ತೆಯ ಮೇಲೇ ಹೋಯಿತು. "ನೀವು ಸಾಕ್ತಿಲ್ಲ ಅತ್ತೆ, ಕೊಲ್ತಿದೀರ! ಎಬ್ಬಿಸಿದಾಗೆಲ್ಲ ಅವು ಮೈಯಲ್ಲಿ ಕೂಡಿಟ್ಟಿದ್ದು ಕರಗಿ ಹೋಗುತ್ತೆ. ಇನ್ನೆರಡು ಸಲ ಎಬ್ಬಿಸಿ, ಮಾರ್ಚಿಗೆ ಬರೀ ಗಾಜು ಉಳಿಯುತ್ತೆ!"

ಮುದುಕಿಯ ಮುಖ ಇಳಿದುಹೋಯಿತು. "ಕೊಲ್ತಿದೀನಾ? ನಾನಾ?" ಬರಿದಾದ ಕಾಲುಚೀಲವನ್ನು ಮಡಿಲಲ್ಲಿ ಹಿಂಡಿದಳು. "ಹಂಗಾದ್ರೆ ಅವು ಬದುಕಿದಾವೆ ಅಂತ ಹೆಂಗೇ ಗೊತ್ತಾಗುತ್ತೆ?"

ಬೆಯಾಟಾ ನಳಿಗೆಯನ್ನು ಬೆಳಕಿಗೆ ಎತ್ತಿ ಹಿಡಿದಳು. "ಗೊತ್ತಾಗಲ್ಲ. ಮಾರ್ಚ್‌ವರೆಗೂ ಗೊತ್ತಾಗಲ್ಲ."

"ಇಡೀ ಚಳಿಗಾಲ? ಏನೂ ಕೇಳಿಸ್ಕೊಳ್ದೆ?" ಲುಡ್ವಿಕಾ ತಲೆಯಾಡಿಸಿದಳು. "ಅದು ನನ್ನ ಕೈಲಾಗಲ್ಲಮ್ಮ."

ಬೆಯಾಟಾ ಜೇನು ಒರೆಸಿ, ನಳಿಗೆಯನ್ನು ಬಾಲ್ಕನಿಯಲ್ಲಿ ಮೆಲ್ಲಗೆ ತಣಿಸಿ, ಸಂಜೆ ಮತ್ತೆ ಡ್ರಾಯರಿಗೆ ಸೇರಿಸಿದಳು. ಬಿಸಿಯಿಲ್ಲದಿದ್ದರೆ ಬೇಡ, ಅವಕ್ಕೆ ಕತ್ತಲಾದರೂ ಇರಲಿ ಎಂದು ನಳಿಗೆಗೆ ತೊಡಿಸಲು ಕಾಲುಚೀಲವನ್ನು ಅತ್ತೆಯೇ ಕೊಟ್ಟಳು.

ಬೆಳಗ್ಗೆ ಡ್ಯೂಟಿಗೆ ಹೊರಟು ಅಡುಗೆಮನೆಗೆ ಬಂದರೆ ಲುಡ್ವಿಕಾ ಫ್ರಿಜ್ಜಿನ ಮುಂದೆ ನಿಂತಿದ್ದಾಳೆ! ಬೆಯಾಟಾಳ ಮೈಯೆಲ್ಲ ಉರಿದುಹೋಯಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮುದುಕಿ ಬಾಗಿಲು ತೆಗೆಯಲಿಲ್ಲ. ಬೆರಳ ಗೆಣ್ಣಿನಿಂದ ಅದಕ್ಕೆ ಎರಡು ಸಲ ತಟ್ಟಿ, ಬಗ್ಗಿ ಕಿವಿಯಿಟ್ಟಳು. ಅಷ್ಟರಲ್ಲಿ ಫ್ರಿಜ್ಜಿನ ಮೋಟರು ಶುರುವಾಯಿತು.

"ಗುಂಯ್ ಅಂತಿದಾವೆ ಕಣೇ!" ಅವಳ ಮುಖ ಅರಳಿತ್ತು. "ಚೆನ್ನಾಗಿದಾವೆ."

ಅದು ಮೋಟರು ಅತ್ತೆ ಎನ್ನಲು ಹೊರಟ ಬೆಯಾಟಾ ಮಾತು ನುಂಗಿಕೊಂಡು ಕೋಟಿನ ಗುಂಡಿ ಹಾಕಿಕೊಂಡಳು.

"ಸಂಜೆ ಇನ್ನೊಂದು ಸಲ ಕೇಳಿ ಅತ್ತೆ. ಆದ್ರೆ ಬಾಗಿಲು ಮಾತ್ರ..."

"ಥೂ ಪೆದ್ದಿ!" ಎಂದಳು ಲುಡ್ವಿಕಾ. "ಗುಂಯ್ ಅನ್ನೋ ಗೂಡನ್ನ ಚಳಿಗಾಲದಲ್ಲಿ ಯಾರಾದ್ರೂ ತೆಗೀತಾರೇನೇ?"