ಪೆಡಲ್ ಅಡಿಯ ಮರದ ತುಂಡು

ನಮ್ಮ ಹಳೆಯ ಲಾರಿಯ ಆಕ್ಸಿಲರೇಟರ್ ಪೆಡಲ್ ಕೆಳಗೆ ಅಪ್ಪ ಒಂದು ಮರದ ತುಂಡು ಇಟ್ಟು ನಾಲ್ಕು ಸ್ಕ್ರೂ ಬಿಗಿದರು. ನಾನು ಪೂರ್ತಿ ಒತ್ತಬಾರದಂತೆ. ಒಂಬತ್ತು ವರ್ಷದಿಂದ ಅದೇ ಲಾರಿ ಓಡಿಸುತ್ತಿರುವ ನನಗೆ, ಹೊಸಿಲು ದಾಟುವ ಮಗುವಿಗೆ ಅಡ್ಡ ಇಟ್ಟ ಹಾಗೆ ಇಟ್ಟರು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಗಿದ್ದು ಇಷ್ಟು. ಹಳೆಯ ರೇಡಿಯೇಟರ್ ಸೋರುತ್ತಿತ್ತು. ಗ್ಯಾರೇಜ್ ನಡೆಸುವ ಸೋದರಮಾವ ಬಂದು, "ತೇಪೆ ಹಾಕಿದ್ದು ಸಾಕು, ಎಲ್ಲಾ ಕಿತ್ತು ಹೊಸದು ಹಾಕೋಣ" ಅಂದರು. ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಬಂತು, ಹೊಸ ಪೈಪುಗಳು ಬಂದವು, ಬೆಲ್ಟಿನಿಂದ ತಿರುಗುತ್ತಿದ್ದ ಫ್ಯಾನಿನ ಜಾಗಕ್ಕೆ ಕರೆಂಟಿನ ಫ್ಯಾನ್ ಬಂತು. ನೋಡಲು ಮದುವಣಗಿತ್ತಿಯ ಹಾಗಿತ್ತು. ಬಯಲಿನಲ್ಲಿ ಚೆನ್ನಾಗಿಯೇ ಓಡಿತು. ಲೋಡ್ ಹೊತ್ತು ಏರು ಹತ್ತಿದರೆ ಮಾತ್ರ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಮೂರು ವಾರದಲ್ಲಿ ನಾಲ್ಕು ಸಲ ರಸ್ತೆ ಬದಿಯಲ್ಲಿ ನಿಂತೆ.

"ಫಿಟ್ಟಿಂಗ್‌ನಲ್ಲಿ ಏನೋ ತಪ್ಪಿದೆ ಮಾವ" ಅಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು ಮಾವ, ಬಾನೆಟ್ ಕೂಡ ಎತ್ತದೆ. "ನಿನ್ನ ಕಾಲು ಭಾರ ಕಣೆ. ಏರಲ್ಲಿ ತುಳಿದು ತುಳಿದು ಎಂಜಿನ್ ಬೇಯಿಸ್ತೀಯ."

ಅಪ್ಪ ಹೂಂ ಅಂದರು. ಅದೇ ನನಗೆ ಹೆಚ್ಚು ಉರಿದದ್ದು. ಸ್ಟೇರಿಂಗ್ ಹಿಡಿಯುವುದನ್ನು ನನಗೆ ಕಲಿಸಿದವರೇ ಅವರು. ಆ ಸಂಜೆಯೇ ಮರದ ತುಂಡು ಬಂತು. ಇನ್ನೊಂದು ಸಲ ಬಿಸಿಯಾದರೆ ಲಾರಿಯನ್ನು ಮಾವನ ಮಗ ಓಡಿಸುವುದು ಎಂದೂ ತೀರ್ಮಾನವಾಯಿತು. ನನ್ನ ಸೀಟಿನ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.

ಮರುದಿನ ಏರಿನಲ್ಲಿ ಕಾಲು ಇಟ್ಟೂ ಇಡದ ಹಾಗೆ ಓಡಿಸಿದೆ. ಸೈಕಲ್‌ಗಳು ನನ್ನನ್ನು ದಾಟಿ ಹೋದವು. ಆದರೂ ಮುಳ್ಳು ಏರಿತು. ನಿಲ್ಲಿಸಿ, ಎಂಜಿನ್ ಆರಿಸದೆ ಇಳಿದು, ಲಾರಿಯ ಮುಂದೆ ನಿಂತೆ. ಜಾಲರಿಯಿಂದ ಬಿಸಿಗಾಳಿ ನೇರ ಮುಖಕ್ಕೆ ಹೊಡೆಯಿತು. ಮುಖಕ್ಕೆ ಯಾಕೆ ಹೊಡೆಯಬೇಕು? ಫ್ಯಾನ್ ಮುಂದಿನ ಗಾಳಿಯನ್ನು ಒಳಗೆ ಎಳೆಯಬೇಕು.

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಅವರು ಓಡಿಸುತ್ತಿದ್ದಷ್ಟು ಕಾಲವೂ ಬೆಳಗ್ಗೆ ಎಂಜಿನ್ ಚಾಲೂ ಮಾಡಿ, ಜಾಲರಿಗೆ ಒಂದು ಹಾಳೆ ಪೇಪರ್ ಹಿಡಿಯುತ್ತಿದ್ದರು. ಅಂಟಿಕೊಂಡರೆ, "ಉಸಿರು ಎಳೀತಿದೆ, ನಡಿ" ಅನ್ನುತ್ತಿದ್ದರು. ಹೊಸ ಫ್ಯಾನ್ ಹಾಕಿದ ದಿನ ಮಾತ್ರ ಹಿಡಿಯಲಿಲ್ಲ. "ಹೊಸದಕ್ಕೆ ಎಂಥ ಪರೀಕ್ಷೆ ಭಾವ" ಎಂದು ಮಾವ ನಕ್ಕಿದ್ದರು. ನಾನೂ ಸುಮ್ಮನಿದ್ದೆ.

ಬಿಸಿ ಆರಿಸಿಕೊಂಡು, ನಿಂತು ನಿಂತು, ಲಾರಿಯನ್ನು ನೇರ ಗ್ಯಾರೇಜಿಗೆ ತಂದೆ. ಅಪ್ಪನನ್ನೂ ಕರೆಸಿದೆ. ಅಲ್ಲೇ ಬಿದ್ದಿದ್ದ ಪೇಪರಿನ ಹಾಳೆ ತೆಗೆದು ಅವರ ಕೈಗೆ ಕೊಟ್ಟೆ.

"ಹಿಡಿ ಅಪ್ಪಾ."

ಫ್ಯಾನ್ ತಿರುಗುತ್ತಿತ್ತು. ಅಪ್ಪ ಹಿಡಿದರು. ಹಾಳೆ ಜಾಲರಿಗೆ ಅಂಟಲಿಲ್ಲ. ಹಾರಿಹೋಗಿ ಮಾವನ ಎದೆಗೆ ಬಡಿಯಿತು. ಮಾವ ಬಾನೆಟ್ ಎತ್ತಿ, ಫ್ಯಾನಿನ ಎರಡು ವೈರ್ ಬಿಚ್ಚಿ, ಅದಲು ಬದಲು ಮಾಡಿ ಸೇರಿಸಿದರು. ಎರಡು ನಿಮಿಷದ ಕೆಲಸ. ಈ ಸಲ ಹಾಳೆ ಜಾಲರಿಗೆ ಅಂಟಿ ಕೂತಿತು.

"ಸಣ್ಣ ತಪ್ಪು. ಕೆಲಸ ಅಂದ್ಮೇಲೆ ಆಗುತ್ತೆ" ಅಂದರು ಮಾವ.

ಅವರದಾದರೆ ಸಣ್ಣ ತಪ್ಪು. ನನ್ನದಾದರೆ ಕಾಲೇ ಭಾರ.

"ಸರಿ, ಹೊರಡು. ಹುಷಾರಾಗಿ ಓಡಿಸು" ಅಂದರು ಅಪ್ಪ.

"ಹುಷಾರು ನನಗ್ಯಾಕೆ ಹೇಳ್ತೀಯಪ್ಪಾ? ಮಾವನಿಗೆ ಹೇಳು" ಅಂದೆ. "ಮೊದಲು ಆ ಮರದ ತುಂಡು ತೆಗಿ. ಹಾಕಿದವರೇ ತೆಗೀಬೇಕು."

ಮಾವ ಸ್ಕ್ರೂಡ್ರೈವರ್ ಹಿಡಿದು ಮುಂದೆ ಬಂದರು. ಅಪ್ಪ ಅದನ್ನು ಅವರ ಕೈಯಿಂದ ಇಸಿದುಕೊಂಡರು. ಮಂಡಿ ನೋವಿನ ಮನುಷ್ಯ, ಕ್ಯಾಬಿನ್ ಮೆಟ್ಟಿಲು ಹಿಡಿದು ಕಷ್ಟಪಟ್ಟು ಬಗ್ಗಿದರು. ಹಿಡಿದುಕೊಳ್ಳಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ.

"ಅವತ್ತು ನಾನು ಪೇಪರ್ ಹಿಡೀಬೇಕಿತ್ತು" ಅಂದರು, ಪೆಡಲ್ ಕಡೆಗೇ ಮುಖ ಮಾಡಿ.

ನಾನು ಹೂಂ ಅನ್ನಲಿಲ್ಲ. ನಾಲ್ಕನೆಯ ಸ್ಕ್ರೂ ಬರುವವರೆಗೂ ಹಾಗೇ ನಿಂತಿದ್ದೆ.