ಮೊನೆಯಿಲ್ಲದ ಗಾಳ

ಅತಿ ವಿನಯಂ ಧೂರ್ತ ಲಕ್ಷಣಂ. ಈ ಮಾತನ್ನು ನಂಬಿಕೊಂಡೇ ನಾನು ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡವನು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ತಕ್ಕಡಿ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದವರು, ತೂಕದ ಬಟ್ಟನ್ನು ಕೊರೆದು ಟೊಳ್ಳು ಮಾಡಿದವರು, ಎಲ್ಲರನ್ನೂ ಹಿಡಿದಿದ್ದೇನೆ. ಎದುರಿಗೆ ಹೋದರೆ ಎಲ್ಲರೂ ಸತ್ಯವಂತರೇ. ಅದಕ್ಕೇ ನಾನು ಎದುರಿಗೆ ಹೋಗುತ್ತಿರಲಿಲ್ಲ. ಕೈಯಲ್ಲೊಂದು ಚೀಲ ಹಿಡಿದು ಗಿರಾಕಿಗಳ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಮನುಷ್ಯನ ನಿಜ ಕಾಣುವುದು ಹಿಂದಿನಿಂದ.

ಈಗ ನನ್ನ ಮಗಳು ಒಬ್ಬನನ್ನು ಕರೆದುಕೊಂಡು ಬಂದಿದ್ದಳು. ಲಿಫ್ಟ್ ರಿಪೇರಿ ಮಾಡುವವನು. ಮಗಳಿಗೆ ಮೂವತ್ತನಾಲ್ಕು. "ಒಂದು ವಾರ ನಾವು ನಾಲ್ಕೂ ಜನ ಒಟ್ಟಿಗೆ ಎಲ್ಲಾದ್ರೂ ಹೋಗೋಣ ಅಪ್ಪ. ನೋಡು, ಮಾತಾಡು. ನೀನು ಹೂಂ ಅಂದ್ರೆ ಮದುವೆ, ಇಲ್ಲಾಂದ್ರೆ ಇಲ್ಲ" ಎಂದಿದ್ದಳು. ನನ್ನ ಮಾತಿಗೆ ಅವಳಲ್ಲಿ ಅಷ್ಟು ಬೆಲೆ. ಹಾಗಾಗಿ ಸಮುದ್ರದ ಹತ್ತಿರ, ನದಿಯ ದಡದ ಈ ಮರದ ಮನೆಗೆ ಬಂದಿದ್ದೆವು. ಬೆಳಗ್ಗೆ ಎಂಟಕ್ಕೇ ಬೆವರು ಕಿತ್ತುಬರುವ ಊರು. ಎಲ್ಲಿ ನೋಡಿದರೂ ತಾಳೆ ಜಾತಿಯ ಮರಗಳು. ನಿವೃತ್ತನಾದ ಮೇಲೆ ನನಗೆ ಆ ಮರಗಳ ಹುಚ್ಚು ಹಿಡಿದಿತ್ತು. ಬೀಸಣಿಗೆಯಂಥ ಎಲೆಯದು, ಗರಿಯಂಥ ಎಲೆಯದು, ಮುಳ್ಳಿನದು, ನುಣುಪಿನದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಆ ಹುಡುಗನ ಹುಚ್ಚು ಬೇರೆ. ಫ್ಲೈ ಫಿಶಿಂಗ್. ಹಕ್ಕಿಗರಿ, ದಾರ ಸುತ್ತಿ ಗಾಳದ ಮೇಲೆ ನೊಣ ಮಾಡುವುದು, ಉದ್ದದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಆ ನೊಣವನ್ನು ನೀರಿನ ಮೇಲೆ ಕೂರಿಸುವುದು.

"ಅಂದ್ರೆ ಸುಳ್ಳು ನೊಣ ತೋರಿಸಿ ಮೀನಿಗೆ ಮೋಸ ಮಾಡೋದು" ಎಂದೆ.

"ಒಂದು ರೀತೀಲಿ ಹಾಗೇ ಅಂಕಲ್" ಎಂದು ನಕ್ಕ.

ಒಪ್ಪಿಕೊಂಡೇಬಿಟ್ಟನಲ್ಲ! ನನ್ನ ಚೀಲ ಹೊತ್ತ, ನನ್ನ ಹೆಂಡತಿಗೆ ಕಿತ್ತಳೆ ಸುಲಿದುಕೊಟ್ಟ, ಊಟವಾದ ಮೇಲೆ ತಟ್ಟೆ ತೊಳೆದ. ಮಗಳ ಮುಖ ಅರಳಿತು, ನನ್ನ ಅನುಮಾನ ಎರಡರಷ್ಟಾಯಿತು.

"ಮೊಸರಲ್ಲಿ ಕಲ್ಲು ಹುಡುಕ್ಬೇಡಿ" ಎಂದಳು ಹೆಂಡತಿ.

"ಕಲ್ಲು ಇದ್ರೆ ಹಲ್ಲು ಹೋಗೋದು ನನ್ನ ಮಗಳದ್ದು ಕಣೇ" ಎಂದೆ.

ಮೊದಲನೇ ದಿನ ಅವನು ನದಿಗೆ ಹೋದ ಕೂಡಲೇ ನಾನೂ ನೋಟ್‌ಬುಕ್ ಹಿಡಿದು "ಮರ ನೋಡಿ ಬರ್ತೀನಿ" ಎಂದು ಹೊರಟೆ. ಅವನ ಬೆನ್ನಿಗೆ ಹದಿನೈದು ಹೆಜ್ಜೆ ಹಿಂದೆ ನುಣ್ಣನೆ ಕಂಬದಂಥ ಒಂದು ತಾಳೆ. ಅದರ ಮರೆಯಲ್ಲಿ ನಿಂತೆ. ಒಬ್ಬನೇ ಇರುವಾಗ ಯಾರಿಗೆ ಫೋನ್ ಮಾಡುತ್ತಾನೆ, ಯಾರನ್ನು ಬೈಯುತ್ತಾನೆ, ನೋಡಬೇಕಿತ್ತು. ಅವನು ದಾರ ಬೀಸುತ್ತಿದ್ದ, ಅಷ್ಟೇ. ಸ್ವಲ್ಪ ಮುಂದೆ ಬಗ್ಗಿದೆ, ಏನೋ ತಗುಲಿ ನನ್ನ ಹ್ಯಾಟ್ ಹಾರಿ ಬಿತ್ತು. ಹಾಳಾದ ಮುಳ್ಳು ಎಂದುಕೊಂಡು ಎತ್ತಿಕೊಂಡೆ. ಅಂಚು ಹರಿದಿತ್ತು. ಅವನು ತಿರುಗಿ ನೋಡಲಿಲ್ಲ. ಬೇಗ ದಾರ ಸುತ್ತಿಕೊಂಡು ಮನೆಗೆ ಹೋದ.

ಎರಡನೇ ದಿನ, ಮೂರನೇ ದಿನ ಅದೇ ಮರ, ಅದೇ ಬೆನ್ನು. ಬೆಳಗಿನಿಂದ ಮಧ್ಯಾಹ್ನದವರೆಗೆ ಬೀಸಿದರೂ ಒಂದು ಮೀನಿಲ್ಲ. "ಸಿಕ್ತಾ?" ಎಂದು ಮಗಳು ಬಾಗಿಲಿಗೇ ಓಡಿಬರುವಳು. "ಯಾಕೋ ಕಚ್ತಾನೇ ಇಲ್ಲ" ಎನ್ನುವನು. ಹತ್ತು ವರ್ಷದಿಂದ ಮೀನು ಹಿಡಿಯುತ್ತೇನೆ ಅಂದವನಿಗೆ ಒಂದು ಕಿರುಬೆರಳಿನಷ್ಟು ಮೀನೂ ಇಲ್ಲವೇ? ನಾಲ್ಕನೇ ದಿನ ಅವನು ಸ್ನಾನಕ್ಕೆ ಹೋದಾಗ ನೊಣದ ಡಬ್ಬಿ ತೆಗೆದೆ. ಮಾಡಬಾರದ ಕೆಲಸ, ಗೊತ್ತು. ಮಾಡಿದೆ.

ಹದಿನಾರು ನೊಣ. ಒಂದೊಂದನ್ನೂ ಬೆರಳಿಗೆ ಒತ್ತಿ ನೋಡಿದೆ. ಒಂದೂ ಚುಚ್ಚಲಿಲ್ಲ. ಹದಿನಾರೂ ಗಾಳಗಳ ಮೊನೆಯನ್ನು ಯಾರೋ ಕತ್ತರಿಸಿ ಹಾಕಿದ್ದರು! ಸಿಕ್ಕಿಬಿದ್ದೆಯಲ್ಲ ಮಗನೇ ಎಂದುಕೊಂಡೆ. ಟೊಳ್ಳು ಬಟ್ಟು ಕೈಗೆ ಸಿಕ್ಕಾಗಿನ ಖುಷಿ ನನಗೆ.

ಮಧ್ಯಾಹ್ನ ಊಟದ ಮೇಜಿನ ಮೇಲೆ ಡಬ್ಬಿ ಸುರಿದೆ. "ಇದಕ್ಕೇನಂತೀಯಪ್ಪ? ಮೊನೆಯಿಲ್ಲದ ಗಾಳದಲ್ಲಿ ಮೀನು ಹಿಡಿಯೋ ವಿದ್ಯೆ ನಮಗೂ ಸ್ವಲ್ಪ ಹೇಳಿಕೊಡು."

ಅವನು ಬಿಳಿಚಿಕೊಂಡ. "ನಾನೇ ಕತ್ತರಿಸಿದ್ದು ಅಂಕಲ್."

"ಯಾಕೆ?"

ಒಂದು ಸಲ ನನ್ನನ್ನು ನೋಡಿದ, ತಲೆ ತಗ್ಗಿಸಿದ. "ಸುಮ್ನೆ."

"ಸುಮ್ನೆ ಅಂದ್ರೇನು?" ಮಗಳು ಒಂದು ನೊಣ ಎತ್ತಿ ನೋಡಿದಳು. "ಕಚ್ತಿಲ್ಲ ಅಂತ ದಿನಾ ನನ್ನ ಮುಖ ನೋಡ್ಕೊಂಡೇ ಹೇಳಿದೆಯಲ್ಲ. ಯಾಕೆ ಸುಳ್ಳು ಹೇಳ್ದೆ?"

"ಅದನ್ನ ಕೇಳ್ಬೇಡ. ಪ್ಲೀಸ್."

"ಇಷ್ಟು ಚಿಕ್ಕದಕ್ಕೇ ಸುಳ್ಳು ಹೇಳೋನು ದೊಡ್ಡದಕ್ಕೆ ಏನ್ ಮಾಡ್ತೀಯಾ?" ಅದು ನನ್ನ ಮಾತು. ಚಿಕ್ಕಂದಿನಿಂದ ನನ್ನ ಬಾಯಲ್ಲಿ ಕೇಳಿ ಕಲಿತದ್ದು. ಅವನು ಎದ್ದು ನದಿಯ ಕಡೆ ಹೋದ. ಅವಳು ಒಳಗೆ ಹೋಗಿ ಸೂಟ್‌ಕೇಸ್ ತೆಗೆದ ಸದ್ದಾಯಿತು.

ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ. ಸುಳ್ಳೇಕೆ, ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಊಟವಾದ ಮೇಲೆ ಹೆಂಡತಿ ಜಗಲಿಯಲ್ಲಿ ನನ್ನ ಹ್ಯಾಟಿನ ಅಂಚು ಹೊಲಿಯಲು ಕೂತಳು. ಸೂಜಿ ಎಲ್ಲೋ ಟಕ್ಕೆಂದು ತಡೆಯಿತು. ಬಟ್ಟೆಯ ಮಡಿಕೆಯಿಂದ ಏನನ್ನೋ ಕಿತ್ತು ಅಂಗೈ ಮೇಲಿಟ್ಟು ನನ್ನೆದುರು ಹಿಡಿದಳು.

"ಏನ್ರೀ ಇದು?"

"ಮುಳ್ಳು. ಮರದ್ದು."

"ಯಾವ ಮರ ಕಬ್ಬಿಣದ ಮುಳ್ಳು ಬಿಡುತ್ತೆ?"

ತೆಗೆದುಕೊಂಡು ನೋಡಿದೆ. ಮುರಿದ ಗಾಳದ ಮೊನೆ, ಅದಕ್ಕೆ ಒಂದೆಳೆ ಕೆಂಪು ಗರಿ. ನಾನು ನಿಂತಿದ್ದ ಮರಕ್ಕೆ ಮುಳ್ಳೇ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದೆ: ಕಾಂಡ ನುಣುಪು, ಮುಳ್ಳಿಲ್ಲ. ಹಿಂದಕ್ಕೆ ಬೀಸಿದ ಗಾಳ ನನ್ನ ಹ್ಯಾಟಿಗೆ ಸಿಕ್ಕಿತ್ತು. ನಾಲ್ಕು ಬೆರಳು ಕೆಳಗೆ ಬಂದಿದ್ದರೆ ಕಣ್ಣು. ಮುರಿದ ಗಾಳದ ಜೊತೆ ನನ್ನ ಹ್ಯಾಟಿನ ಎಳೆಯೂ ಹೋಗಿರಬೇಕು, ಆ ಹುಡುಗನಿಗೆ ಅವತ್ತೇ ಗೊತ್ತಾಗಿದೆ. ಮನೆಗೆ ಹೋಗಿ ಹದಿನಾರೂ ಮೊನೆ ಕತ್ತರಿಸಿದ್ದಾನೆ. ಈ ಮುದುಕ ನಾಳೆಯೂ ಬಂದು ನಿಲ್ಲುತ್ತಾನೆ ಎಂದು ಅವನಿಗೆ ಗೊತ್ತಿತ್ತು.

"ಮೂರು ದಿನದಿಂದ ಅವನ ಹಿಂದೆ ನಿಂತಿದ್ರಿ, ಅಲ್ವಾ?" ಎಂದಳು ಹೆಂಡತಿ. ಅವಳು ಹ್ಯಾಟನ್ನು ನನ್ನ ತೊಡೆಯ ಮೇಲೆ ಹಾಕಿ ಎದ್ದುಹೋದಳು.

ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಂತೆಯೇ. ಹೆಂಡತಿ ತಾನಾಗಿ ಹೇಳುವವಳಲ್ಲ, ಅವನಂತೂ ಹೇಳುವುದೇ ಇಲ್ಲ. ಒಳಗೆ ಬೀರು ತೆಗೆಯುವ, ಹಾಕುವ ಸದ್ದು ಕೇಳುತ್ತಿತ್ತು. ನನಗೆ ಅವನ ಮೇಲೆ ಸಿಟ್ಟೂ ಬಂತು. ಎಲಾ ಇವನ! ಒಂದು ಸಲ ತಿರುಗಿ, ‘ಅಂಕಲ್, ಅಲ್ಲಿ ನಿಲ್ಬೇಡಿ’ ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಅಂದಿದ್ದರೆ ನನ್ನ ಮಾನ ಹೋಗುತ್ತಿತ್ತು, ಅದಕ್ಕೇ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಇಂಥವನೊಬ್ಬನನ್ನು ನಾನು ನೋಡಿರಲಿಲ್ಲ. ಎದ್ದು ಮಗಳ ಕೋಣೆಗೆ ಹೋದೆ.

"ಬಟ್ಟೆ ತುಂಬಬೇಡಮ್ಮ. ತಪ್ಪು ಅವನದಲ್ಲ, ನಂದು." ಮರದ ಮರೆ, ಹ್ಯಾಟು, ಮೊನೆ, ಎಲ್ಲ ಹೇಳಿದೆ. "ಗಾಳ ನನ್ನ ಕಣ್ಣಿಗೆ ಚುಚ್ಬಾರದು ಅಂತ ಮೊನೆ ಕತ್ತರಿಸಿದಾನೆ. ನಿನ್ನ ಮುಂದೆ ನಾನು ಚಿಕ್ಕವನಾಗ್ಬಾರದು ಅಂತ ಸುಳ್ಳು ಹೇಳಿದಾನೆ. ನಾನು ಹೂಂ ಅಂತೀನಿ. ನೂರು ಸಲ ಹೂಂ."

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ಮಂಚದ ಮೇಲೆ ಕೂತಳು. ಕೇಳಿದಳು:

"ಅಪ್ಪ, ಆ ಮೇಷ್ಟ್ರ ಹಿಂದೇನೂ ಹೋಗಿದ್ಯಾ?"

ಅದು ಐದು ವರ್ಷದ ಹಿಂದಿನ ಮಾತು. ಗಣಿತದ ಮೇಷ್ಟ್ರೊಬ್ಬರು ನಮ್ಮ ಮನೆಗೆ ಬಂದುಹೋಗಿ ಮಾಡುತ್ತಿದ್ದರು. ಮದುವೆ ಆದಂತೆಯೇ ಅಂದುಕೊಂಡಿದ್ದಾಗ ಬರುವುದು ನಿಂತಿತು. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬಣ್ಣ ಬಯಲಾಯಿತೆಂದು ಓಡಿಹೋದ ಎಂದುಕೊಂಡು ಸುಮ್ಮನಿದ್ದೆ.

"ಹೂಂ" ಎಂದೆ. "ಹನ್ನೊಂದು ದಿನ."

"ಅವರು ನಂಗೆ ಹೇಳಿದ್ರು. ‘ನಿಮ್ಮಪ್ಪ ದಿನಾ ನನ್ನ ಹಿಂದೆ ಬರ್ತಾರೆ, ಸ್ಕೂಲ್ ಗೇಟಲ್ಲೂ ನಿಂತಿರ್ತಾರೆ’ ಅಂದ್ರು. ನಾನು ನಂಬ್ಲಿಲ್ಲಪ್ಪ. ‘ನಮ್ಮಪ್ಪ ಅಂಥೋರಲ್ಲ, ಅನುಮಾನದ ರೋಗ ನಿಮಗೇ ಇರೋದು’ ಅಂತ ಬಾಯಿಗೆ ಬಂದ ಹಾಗೆ ಬೈದೆ. ಅವರು ಬಿಟ್ಟುಹೋಗ್ಲಿಲ್ಲ. ಬೇಡ ಅಂತ ಕಳಿಸಿದ್ದು ನಾನು."

ನನ್ನನ್ನೂ ಹಾಗೇ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಬಟ್ಟೆಯಿಂದ ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಅವನನ್ನು ಹುಡುಕಿಕೊಂಡು ನದಿಯ ಕಡೆ ಹೋದಳು. ಅವಳು ಕೂತಿದ್ದ ಜಾಗದಲ್ಲೇ ಕೂತು ನಾನು ಅತ್ತೆ.