ಹನುಮಯ್ಯನವರ ಕೊನೇ ಕೈ

ಕೊರಿಯರಿನವನು ಐದಕ್ಕೆ ಬರುತ್ತೇನೆಂದಿದ್ದ. ನಾಲ್ಕೂಕಾಲು ದಾಟಿತ್ತು. ಸೌಂದರ್ಯಾ ಕೂತಲ್ಲಿ ಕೂರಲಾರದೆ ತಪಾಸಣೆಯ ಮೇಜಿಗೂ ಬಾಗಿಲಿಗೂ ಓಡಾಡುತ್ತಿದ್ದಳು. ಈ ನಡುವೆ ಮಗಳು ಕವನಾಳ ಫೋನು ಎರಡು ಸಲ ಬಂದು ನಿಂತಿತ್ತು.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಟೂಲ್ ರೂಮು ಬಾಟಲಿ ಮುಚ್ಚಳದ, ಬಾಚಣಿಗೆಯ ಅಚ್ಚು ಮಾಡಿಕೊಂಡೇ ಬದುಕಿತ್ತು. ಆ ಕೆಲಸವೆಲ್ಲ ಬೇರೆ ಕಡೆ ಹರಿದುಹೋಗುತ್ತಿದ್ದಾಗ ಹೊರದೇಶದವನೊಬ್ಬ ದೊಡ್ಡ ಬೇಟೆ ಕೋವಿಗಳ ತೋಟಾಗಳಿಗೆ ಡೈ ಬೇಕೆಂದು ಕೇಳಿದ. ಬೇಡವೆನ್ನುತ್ತಿದ್ದ ಮಾಲೀಕ ಪುರುಷೋತ್ತಮನ ಬೆನ್ನು ಹತ್ತಿ ಒಪ್ಪಿಸಿದವಳು ಇವಳೇ. ಸ್ಯಾಂಪಲ್ ಪಾಸಾದರೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ದೀಪಾವಳಿಗೆ ಶಟರ್ ಎಳೆಯುವುದೇ ಎಂದು ಪುರುಷೋತ್ತಮ ಬಾಯಿಬಿಟ್ಟು ಹೇಳಿದ್ದ.

ಡೈ ಅಂದರೆ ಒಳಗೆ ಅಳತೆಗೆ ಕೊರೆದ ಉಕ್ಕಿನ ಕೊಳವೆ, ಅಷ್ಟೇ. ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ತೋಟಾ ಉಬ್ಬಿಕೊಂಡಿರುತ್ತದೆ. ಡೈಯೊಳಗೆ ಒತ್ತಿ ತೆಗೆದರೆ ಮತ್ತೆ ಮೊದಲಿನ ಮೈಗೆ ಇಳಿಯಬೇಕು. ಇಳಿಯದಿದ್ದರೆ ಕೋವಿಯೊಳಗೆ ಹೋಗುವುದಿಲ್ಲ.

ಮೇಜಿನ ಮೇಲೆ ಎರಡು ಡೈ ಇದ್ದವು. ಒಂದರ ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಗ್ರೈಂಡಿಂಗಿನ ಗೀರು ಉಳಿದು ಬೂದಿ ಬಣ್ಣಕ್ಕಿತ್ತು.

"ಹೊಳೆಯೋದನ್ನೇ ಕಳಿಸಮ್ಮ," ಎಂದು ಪುರುಷೋತ್ತಮ ಬೆಳಿಗ್ಗೆಯೇ ಹೇಳಿ ಬ್ಯಾಂಕಿಗೆ ಹೋಗಿದ್ದ. "ಅವ್ನು ಡಬ್ಬಿ ತೆಗೆದ್ ತಕ್ಷಣ ಬಿದ್ದೋಗ್ಬೇಕು."

ಮತ್ತೆ ಗುಂಡು ತುಂಬಲಾಗದಂತೆ ಪಕ್ಕಕ್ಕೆ ತೂತು ಕೊರೆದ ಖಾಲಿ ತೋಟಾ ಎರಡನ್ನು ಗಿರಾಕಿ ಕಳಿಸಿದ್ದ, ಪರೀಕ್ಷೆಗೆಂದು. ಸೌಂದರ್ಯಾ ಒಂದನ್ನು ಹೊಳೆಯುವ ಡೈಗೆ ಒತ್ತಿ ತೆಗೆದು, ಕೋವಿಯ ಒಳಗಿನದೇ ಅಳತೆಯ ಗೇಜಿನೊಳಗೆ ಬಿಟ್ಟಳು. ಮುಕ್ಕಾಲು ಇಳಿದು ಕಚ್ಚಿಕೊಂಡಿತು. ಒರೆಸಿ ಮತ್ತೆ ಬಿಟ್ಟಳು. ಅಲ್ಲೇ ಕಚ್ಚಿತು. ಅಳೆದು ನೋಡಿದರೆ ಡೈಯೇ ಎರಡು ಪಾಯಿಂಟ್ ದೊಡ್ಡದಾಗಿತ್ತು, ಎಂದರೆ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು.

ಯಾಕೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಈ ಶೆಡ್ಡಿನಿಂದ ಯಾವ ಅಚ್ಚೂ ಹನುಮಯ್ಯನವರ ಕೊನೇ ಕೈ ಆಗದೆ ಹೊರಟದ್ದಿಲ್ಲ. 'ನನ್ ಕೈ ಹೊಳಪು ಕೊಡುತ್ತೆ, ಅಳತೆ ಮುಟ್ಟಲ್ಲ' ಎನ್ನುವುದು ಆ ಹಿರಿಯ ಪಾಲಿಶರ್ ಮಾತು. ಉಜ್ಜಿದರೆ ಉಕ್ಕು ಸವೆದು ಅಳತೆ ಮುಟ್ಟುತ್ತದೆಂದು ಮಷೀನಿನ ಹುಡುಗರಿಗೆಲ್ಲ ಗೊತ್ತಿತ್ತು. ಅದಕ್ಕೇ ಅವರು ಯಾರಿಗೂ ಹೇಳದೆ ಮೊದಲೇ ಅಷ್ಟು ಉಕ್ಕು ಹೆಚ್ಚಾಗಿ ಬಿಟ್ಟು ಕೊಡುತ್ತಿದ್ದರು. ಈ ಡೈಗಳು ಮಾತ್ರ ಪೀಣ್ಯದಲ್ಲಿ ಗ್ರೈಂಡ್ ಆಗಿ ಬಂದಿದ್ದವು. ಅಲ್ಲಿಯವರು ಡ್ರಾಯಿಂಗ್ ನೋಡಿ ಕರೆಕ್ಟಾಗಿ ಕೊಟ್ಟಿದ್ದರು.

ತಲೆಯೆತ್ತಿದರೆ ಹನುಮಯ್ಯ ಬೂದಿ ಡೈಯನ್ನು ಎತ್ತಿಕೊಂಡು ಹೋಗಿ ವೈಸಿಗೆ ಕಟ್ಟಿ ಪಾಲಿಶ್ ಪೇಸ್ಟು ಹಚ್ಚಲು ಕೂತಿದ್ದಾರೆ.

"ಸಾರ್, ಅದನ್ ಮುಟ್ಬೇಡಿ."

"ಯಾಕಮ್ಮ? ಇದಕ್ಕೂ ಒಂದ್ ಕೈ ಆಗ್ಲಿ, ಎರಡ್ರಲ್ಲಿ ಚೆನ್ನಾಗಿರೋದ್ ಆರಿಸ್ಕೋ. ಮದ್ವೆ ಹೆಣ್ಣನ್ನ ಮುಖ ತೊಳೀದೆ ಹಸೆಗೆ ಕೂರಿಸ್ತಾರಾ?"

ಸುಳ್ಳು ಹೇಳಬಹುದಿತ್ತು. ಪುರುಷೋತ್ತಮ ಬೇಡವೆಂದರು ಎಂದರೆ ಮುಗಿಯುತ್ತಿತ್ತು. ಆದರೆ ಮುಂದಿನ ಡೈಗೆ ಏನು ಹೇಳುವುದು? ಅವಳು ಹೊಳೆಯುವ ಡೈಯನ್ನೂ ಗೇಜನ್ನೂ ಎರಡನೇ ತೋಟಾವನ್ನೂ ತಂದು ಅವರ ಮುಂದಿಟ್ಟಳು.

"ನೀವೇ ನೋಡಿ ಸಾರ್."

ಅವರು ತೋಟಾವನ್ನು ತಾವು ಮಿಂಚಿಸಿದ ಡೈಗೆ ಒತ್ತಿ ಗೇಜಿಗೆ ಬಿಟ್ಟರು. ಕಚ್ಚಿಕೊಂಡಿತು. ಅದನ್ನೇ ಬೂದಿ ಡೈಗೆ ಒತ್ತಿ ಬಿಟ್ಟಾಗ ಸುಯ್ಯೆಂದು ತಳ ಮುಟ್ಟಿತು. ಹನುಮಯ್ಯ ಪುನಃ ಎತ್ತಿ ಬಿಟ್ಟರು. ಪುನಃ ತಳ ಮುಟ್ಟಿತು.

"ಪೀಣ್ಯದವ್ರದ್ದು ಒಂದ್ ಸರಿ, ಒಂದ್ ತಪ್ಪು ಅನ್ನು."

"ಎರಡೂ ಸರಿಯಾಗೇ ಬಂದಿದ್ವು ಸಾರ್. ಬಂದಾಗ್ಲೇ ಅಳ್ದಿದ್ದೆ."

ಹೊರಗೆ ಬೈಕ್ ನಿಂತಿತು. ಸೌಂದರ್ಯಾ ಬೂದಿ ಡೈಗೆ ಎಣ್ಣೆ ಹಚ್ಚಿ, ಸುತ್ತಿ, ವರದಿಗೆ ಸಹಿ ಹಾಕಿ, ಒಂದು ಕೈಯಲ್ಲೇ ಪುರುಷೋತ್ತಮನಿಗೆ ಫೋನು ಮಾಡಿದಳು. "ಬೂದಿದು ಕಳಿಸ್ತಾ ಇದೀನಿ ಸಾರ್. ವಾಪಸ್ ಬಂದ್ರೆ ನನ್ನನ್ ಕೇಳಿ."

"ನಿನ್ನನ್ ಕೇಳಿ ಏನಮ್ಮ ಮಾಡ್ಲಿ," ಎಂದ ಅವನು. ಬೇಡವೆನ್ನಲಿಲ್ಲ.

ಬೈಕು ಹೋದ ಮೇಲೆ ಅವಳಿಗೆ ಹಗುರವೇನೂ ಆಗಲಿಲ್ಲ. ಹನುಮಯ್ಯ ಇನ್ನೂ ವೈಸಿನ ಮುಂದೆಯೇ ಇದ್ದರು.

"ಹುಡುಗ್ರು ಬಿಡ್ತಿದ್ರಾ ನನಗೆ?"

"ಹೂಂ ಸಾರ್."

"ಎಷ್ಟು?"

"ಎರಡು ಪಾಯಿಂಟ್."

"ಮೊದ್ಲಿಂದ್ಲೂ ಎರಡೇನಾ?"

ಅವಳು ಬ್ಯಾಗಿನ ಜಿಪ್ಪು ಎಳೆದಳು, ತೆಗೆದಳು. "ನಾನ್ ಸೇರಿದಾಗ ಒಂದಿತ್ತು ಸಾರ್."

ಅವರು ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡರು. ಮಗಳ ಫೋನು ಮತ್ತೆ ಬಡಿದುಕೊಂಡಿತು. ಬಂದೆ ಕಣೇ ಎಂದು ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಮುಂದಿನ್ ಸಲ ಪೀಣ್ಯದವ್ರಿಗೆ ಮೂರು ಪಾಯಿಂಟ್ ಬಿಡಕ್ಕೆ ಹೇಳಮ್ಮ."